ಶನಿವಾರ ರಾಜೀನಾಮೆ, ಸೋಮವಾರ ಕೆಲಸ

ವಕೀಲಿ ಶುರು ಮಾಡಿದಾಗ ನನಗಿದ್ದ ಆಸೆ ಹೈಕೋರ್ಟಿನಲ್ಲಿ ದೊಡ್ಡ ದೊಡ್ಡ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಬೇಕು ಅನ್ನೋದು. ಆದರೆ ಕೆಲಸ ಕಲಿತದ್ದು ಕಾರ್ಮಿಕ ಇಲಾಖೆಯ ಕಚೇರಿಗಳಿರುವ ಬೆಂಗಳೂರಿನ ಕಾರ್ಮಿಕ ಭವನದಲ್ಲಿ, ಗಾರ್ಮೆಂಟ್ಸ್ ಹೆಂಗಸರ ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಕಂಪನಿ ಕೊಡಬೇಕಾದ ಇಡಿಗಂಟು) ಅರ್ಜಿ ಬರೆಯುತ್ತಾ.

2025ರವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ಸುಲಭವಿತ್ತು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕಿತ್ತು, ಆಮೇಲೆ ದುಡಿದ ವರ್ಷಗಳಿಂದ. ಐದು ವರ್ಷ ಬಿಡದೆ ದುಡಿದಿರಬೇಕಿತ್ತು, ಅಷ್ಟೇ. ತಕರಾರು ಇದ್ದದ್ದೇ ಆ ‘ಬಿಡದೆ’ ಅನ್ನೋ ಮಾತಿನಲ್ಲಿ.

ಪೀಣ್ಯ ಕಡೆಯ ಒಬ್ಬ ಟೈಲರ್ ಅಕ್ಕ 11 ವರ್ಷ ಒಂದೇ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿದವರು, ಕೊನೆಯ ಸಂಬಳ 9,000. ಕಂಪನಿಯವರು ಅವರ ಎರಡು ರಾಜೀನಾಮೆ ಪತ್ರ ತಂದಿಟ್ಟರು. ನಾಲ್ಕು ವರ್ಷ ಚಿಲ್ಲರೆಗೊಂದರಂತೆ, ಅಂದರೆ ಒಮ್ಮೆಯೂ ಐದು ವರ್ಷ ತುಂಬದ ಹಾಗೆ. ಪತ್ರ ಇಂಗ್ಲಿಷಿನಲ್ಲಿ, ಕೆಳಗೆ ಸಹಿ ಮಾತ್ರ ಕನ್ನಡದಲ್ಲಿ. ಇದೇನಕ್ಕಾ ಅಂದರೆ, ‘ಪಿಎಫ್ ಬಿಡಿಸಿಕೊಡ್ತೀವಿ ಅಂತ ಸೈನ್ ಹಾಕಿಸ್ಕೊಂಡ್ರು ಮೇಡಂ’ ಅಂದರು.

ನಾನು ಆಗ ಹೊಸಬಳು. ಸುಪ್ರೀಂ ಕೋರ್ಟ್ ತೀರ್ಪುಗಳನ್ನೆಲ್ಲ ಗುಡ್ಡೆ ಹಾಕಿ ಇಪ್ಪತ್ತು ಪುಟದ ವಾದ ಬರೆದೆ. ಅರ್ಜಿ ವಿಚಾರಣೆ ಮಾಡುತ್ತಿದ್ದ ಕಾರ್ಮಿಕ ಇಲಾಖೆಯ ಸಾಹೇಬರು ಅದನ್ನು ತಿರುವಿಯೂ ನೋಡಲಿಲ್ಲ. ನಮ್ಮನ್ನು ಉಳಿಸಿದ್ದು ಅಕ್ಕ ತಂದಿದ್ದ ಪ್ಲಾಸ್ಟಿಕ್ ಕವರ್. ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ, ಮಗಳ ಮಾರ್ಕ್ಸ್ ಕಾರ್ಡ್, ಅದರ ನಡುವೆ ಹಳದಿಯಾದ ಸಂಬಳದ ಚೀಟಿಗಳು ಮತ್ತು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡ್. ಪ್ರತಿ ‘ರಾಜೀನಾಮೆ’ ಆದ ಮೇಲೆ ಪಿಎಫ್ ನಂಬರ್ ಬದಲಾಗಿತ್ತು. ಇಎಸ್‌ಐ ನಂಬರ್ ಮಾತ್ರ ಒಂದೇ, ವಂತಿಗೆ ಒಂದು ತಿಂಗಳೂ ತಪ್ಪಿರಲಿಲ್ಲ.

ಪಾಟೀಸವಾಲಿನಲ್ಲಿ ಕಂಪನಿಯ ಎಚ್‌ಆರ್‌ಗೆ ಇಷ್ಟೇ ಕೇಳಿದೆ: ಶನಿವಾರ ಕೆಲಸ ಬಿಟ್ಟವರಿಗೆ ಸೋಮವಾರ ಅದೇ ಲೈನು, ಅದೇ ಮಿಷನ್ನು ಹೇಗೆ ಸಿಕ್ಕಿತು ಸಾರ್? ಅವರು ನೀರು ಕುಡಿದರು.

57,115 ರೂಪಾಯಿ, ಮೇಲೆ ಬಡ್ಡಿ, ಅಂತ ಆದೇಶವಾಯಿತು. ಅಪೀಲು ಹೋಗಬೇಕಾದರೆ ಮೊದಲು ದುಡ್ಡು ಕಟ್ಟಬೇಕಿತ್ತು, ಹಾಗಾಗಿ ಕಂಪನಿಯವರು ಹೋಗಲಿಲ್ಲ.

ಈ ಕೆಲಸದಲ್ಲಿ ಫೀಸು ಹುಟ್ಟೋದಿಲ್ಲ, ಆಫೀಸಿನ ಬಾಡಿಗೆ ಕಟ್ಟೋಕೆ ಈಗಲೂ ಕ್ರಯಪತ್ರ ಬರೆಯುತ್ತೇನೆ. ಆದರೆ ಯಾರು ಬಂದರೂ ಕಥೆ ಆಮೇಲೆ ಹೇಳಿ, ಮೊದಲು ಆ ಕವರ್ ಕೊಡಿ ಅನ್ನೋದು ಅಭ್ಯಾಸವಾಗಿದೆ. ಹೊಸದಾಗಿ ಬಂದ ಜೂನಿಯರ್‌ಗೆ ಇದು ಒರಟಾಗಿ ಕಾಣುತ್ತಂತೆ.