ಸೀಲ್ ಹಾಕುವ ತನಕ ಕಣ್ಣು ತೆಗೆಯಬಾರದು: ಡ್ರಗ್ ಟೆಸ್ಟ್ ಕಲೆಕ್ಟರ್ ಆದ ನನ್ನ ಅನುಭವ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದ್ದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವಷ್ಟರಲ್ಲಿ ಮನೆಯಿಂದಲೇ ಪುಟ್ಟ ಡಬ್ಬಿಯಲ್ಲಿ ಮೂತ್ರ ತಂದವರು ಸಾಲಾಗಿ ನಿಂತಿರುತ್ತಿದ್ದರು. ಡಬ್ಬಿ ಇಸ್ಕೊಂಡು, ಹೆಸರು ಕೇಳಿ, ಟೇಪಿನ ಚೂರಿನ ಮೇಲೆ ಬರೆದು ಅಂಟಿಸಿ ಮುಂದಿನವರನ್ನು ಕರೆಯುತ್ತಿದ್ದೆ. ಕೈಯಲ್ಲಿ ಒಮ್ಮೆಗೆ ಮೂರು ನಾಲ್ಕು ಡಬ್ಬಿ ಇರುತ್ತಿದ್ದವು. ಇದು ನಿಮ್ಮದೇನಾ ಎಂದು ಯಾರನ್ನೂ ಕೇಳಿದವಳಲ್ಲ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯಬೇಕಾದವರು ಬೇರೆಯವರ ಮೂತ್ರ ತಂದು ಏನು ಮಾಡುತ್ತಾರೆ?

2012ರಲ್ಲಿ ಗಂಡನ ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ಗೆ ಬಂದೆವು. ನನ್ನದು ಎಚ್-4 ವೀಸಾ, ದುಡಿಯುವಂತಿರಲಿಲ್ಲ. 2015ರಲ್ಲಿ ನನ್ನಂಥವರಲ್ಲಿ ಕೆಲವರಿಗೆ ವರ್ಕ್ ಪರ್ಮಿಟ್ ಸಿಗುವ ನಿಯಮ ಬಂತು. ಸಿಕ್ಕರೂ ಲ್ಯಾಬ್ ಕೆಲಸಕ್ಕೆ ಈ ರಾಜ್ಯದ್ದೇ ಲೈಸೆನ್ಸ್ ಬೇಕು, ನನ್ನ ಡಿಪ್ಲೊಮಾ ಅದಕ್ಕೆ ಸಾಲದು. ಹಾಗಾಗಿ ಹೈವೇ ಪಕ್ಕದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್‌ಗೆ ಸೇರಿದೆ. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಟ್ರಕ್ ಚಾಲಕರು. ಐ-5 ಮತ್ತು ಹೈವೇ 99 ಎರಡೂ ಈ ಊರಿನ ಮೇಲೆಯೇ ಹಾದುಹೋಗುತ್ತವೆ. 1912ರಲ್ಲಿ ಶುರುವಾದ ಗುರುದ್ವಾರ ಇರುವ ಊರು ಇದು. ಪಂಜಾಬಿ ಚಾಲಕರೂ ಬಹಳ. ಅವರ ಡ್ರಗ್ ಟೆಸ್ಟ್‌ಗೆ ಮೂತ್ರದ ಮಾದರಿ ಪಡೆಯುತ್ತಿದ್ದ ಹಿರಿಯಾಕೆ ಕೆಲಸ ಬಿಡುವವರಿದ್ದರು. 'ನೀನು ಲ್ಯಾಬಿನಲ್ಲಿ ಇದ್ದವಳಲ್ಲವೇ, ನೀನೇ ಕಲಿ' ಎಂದರು. ಮೂತ್ರದ ಡಬ್ಬಿ ಹಿಡಿಯುವುದರಲ್ಲಿ ಕಲಿಯುವುದೇನಿದೆ ಎಂದುಕೊಂಡೇ ಒಪ್ಪಿದೆ. ಅದು 2018.

ಮೊದಲಿಗೆ ಒಂದು ವಿಷಯ, ಏಕೆಂದರೆ ಈ ಕೆಲಸದ ಬಗ್ಗೆ ನನ್ನನ್ನು ಕೇಳುವ ನಮ್ಮವರೆಲ್ಲ ಇಲ್ಲೇ ಎಡವುತ್ತಾರೆ. ಅಮೆರಿಕದ ಸಾರಿಗೆ ಇಲಾಖೆ, ಅಂದರೆ ಡಾಟ್, ಯಾವ ಕಲೆಕ್ಟರ್‌ಗೂ, ಅಂದರೆ ಹೀಗೆ ಮಾದರಿ ಪಡೆಯುವವರಿಗೂ, ಪ್ರಮಾಣಪತ್ರ ಕೊಡುವುದಿಲ್ಲ. ಯಾವ ತರಬೇತಿ ಸಂಸ್ಥೆಗೂ ಮಾನ್ಯತೆಯ ಮುದ್ರೆ ಒತ್ತುವುದಿಲ್ಲ. ದುಡ್ಡು ಕಟ್ಟಿಸಿಕೊಂಡು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಕೊಡುವವರು ಬೇಕಾದಷ್ಟಿದ್ದಾರೆ. ಅದು ಆ ಸಂಸ್ಥೆಯ ಕಾಗದ. ಇಲಾಖೆ ಕೇಳುವುದು ಬೇರೆ. 49 ಸಿಎಫ್ಆರ್ ಭಾಗ 40 ಎಂಬ ನಿಯಮಾವಳಿ ನಿಮಗೆ ಗೊತ್ತಿರಬೇಕು. ಅದರ ಪ್ರಕಾರ ಪಾಠ ಆಗಿರಬೇಕು. ಆಮೇಲೆ ಒಬ್ಬ ಅರ್ಹ ಪರಿವೀಕ್ಷಕರ ಎದುರು ಐದು ಅಣಕು ಸಂಗ್ರಹಗಳನ್ನು, ಅಂದರೆ ಮಾದರಿ ಪಡೆಯುವ ಕ್ರಮದ ನಟನೆಯನ್ನು, ಒಂದರ ಹಿಂದೊಂದು, ಒಂದೂ ತಪ್ಪಿಲ್ಲದೆ ಮಾಡಿ ತೋರಿಸಬೇಕು. ತಪ್ಪಿಲ್ಲ ಎಂದು ಅವರು ಬರೆದು ಸಹಿ ಹಾಕಬೇಕು. ಆ ದಾಖಲೆಗಳು ನಿಮ್ಮ ಫೈಲಿನಲ್ಲಿದ್ದರೆ ನೀವು ಕಲೆಕ್ಟರ್, ಇಲ್ಲದಿದ್ದರೆ ಅಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ತರಬೇತಿ.

ಪಾಠದ ಭಾಗ ಒಂದು ದಿನದಲ್ಲಿ ಮುಗಿಯಿತು. ತರಬೇತುದಾರರು 1987ರ ಜನವರಿಯಲ್ಲಿ ಮೇರಿಲ್ಯಾಂಡ್‌ನ ಚೇಸ್ ಎಂಬಲ್ಲಿ ನಡೆದ ರೈಲು ಅಪಘಾತದಿಂದ ಶುರುಮಾಡಿದರು. 16 ಜನ ಸತ್ತಿದ್ದರು, ಡಿಕ್ಕಿಗೆ ಕಾರಣವಾದ ಎಂಜಿನ್ ನಡೆಸುತ್ತಿದ್ದವರು ಗಾಂಜಾ ಸೇದಿದ್ದು ಆಮೇಲೆ ಗೊತ್ತಾಯಿತು. 1991ರಲ್ಲಿ ಅಮೆರಿಕದ ಸಂಸತ್ತು ಸಾರಿಗೆ ನೌಕರರ ಪರೀಕ್ಷೆಗೆ ಕಾನೂನು ಮಾಡಿತು. ಗಾಂಜಾ, ಕೊಕೇನ್, ಆಂಫೆಟಮಿನ್, ಓಪಿಯಾಯ್ಡ್, ಪಿಸಿಪಿ ಎಂಬ ಐದು ಗುಂಪುಗಳಿಗೆ ಪರೀಕ್ಷೆ.

ಇನ್ನು ಕೆಲಸದ ಕ್ರಮ. ಚಾಲಕರು ಬಂದರೆ ಫೋಟೊ ಇರುವ ಗುರುತಿನ ಚೀಟಿ ನೋಡಬೇಕು. ಜಾಕೆಟ್, ಟೋಪಿ ತೆಗೆಸಿ, ಜೇಬು ಖಾಲಿ ಮಾಡಿಸಬೇಕು. ಪರ್ಸ್ ಮಾತ್ರ ಅವರ ಬಳಿಯೇ ಇರಬಹುದು. ನನ್ನ ಕಣ್ಣೆದುರೇ ಕೈ ತೊಳೆಯಬೇಕು. ಶೌಚಾಲಯದ ನೀರಿಗೆ ಮೊದಲೇ ನೀಲಿ ಬಣ್ಣ ಹಾಕಿರಬೇಕು, ನಲ್ಲಿ ಬಂದ್ ಆಗಿರಬೇಕು. ಇಲ್ಲದಿದ್ದರೆ ಮೂತ್ರಕ್ಕೆ ನೀರು ಬೆರೆಸಿಬಿಡಬಹುದು. ಮುಚ್ಚಿದ ಪ್ಯಾಕೆಟ್ ಒಡೆದು ಕಪ್ ಕೊಡಬೇಕು. ಕನಿಷ್ಠ 45 ಮಿಲಿಲೀಟರ್ ಬೇಕು. ಹೊರಬಂದ ನಾಲ್ಕು ನಿಮಿಷದೊಳಗೆ ಕಪ್ಪಿನ ಮೇಲಿನ ಪಟ್ಟಿಯಲ್ಲಿ ಶಾಖ ನೋಡಬೇಕು: 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಒಂದು ಬಾಟಲಿಗೆ 30, ಇನ್ನೊಂದಕ್ಕೆ 15 ಮಿಲಿಲೀಟರ್ ಸುರಿದು, ಸೀಲ್ ಅಂಟಿಸಿ, ತಾರೀಕು ಬರೆದು, ಅದರ ಮೇಲೆ ಅವರ ಇನಿಷಿಯಲ್ ಹಾಕಿಸಬೇಕು. ಸೀಲ್ ಬೀಳುವ ತನಕ ಆ ಕಪ್ ಅವರ ಕಣ್ಣಿಗೂ ನನ್ನ ಕಣ್ಣಿಗೂ ಕಾಣುತ್ತಿರಬೇಕು. ಜೊತೆಗೆ ಐದು ಪ್ರತಿಗಳ ಫಾರ್ಮ್. ಅದನ್ನು ಎಲ್ಲರೂ ಸಿಸಿಎಫ್ ಎನ್ನುತ್ತಾರೆ. ಒಂದು ಪ್ರತಿ ಲ್ಯಾಬಿಗೆ, ಒಂದು ಫಲಿತಾಂಶ ಪರಿಶೀಲಿಸುವ ವೈದ್ಯರಿಗೆ, ಒಂದು ನನಗೆ, ಒಂದು ಕಂಪನಿಗೆ, ಕೊನೆಯದು ಚಾಲಕರಿಗೆ.

ಓದಿದರೆ ಸುಲಭ. ಕೈಗೆ ಬರುವುದು ಅಣಕು ಸಂಗ್ರಹದಲ್ಲೇ.

ಐದರಲ್ಲಿ ಎರಡು ಮಾಮೂಲಿನವು. ಮೂರನೆಯದರಲ್ಲಿ ಮಾದರಿ ಕಡಿಮೆ ಬಂದಿರುತ್ತದೆ, ನಾಲ್ಕನೆಯದರಲ್ಲಿ ಶಾಖ ಮಿತಿಯ ಹೊರಗಿರುತ್ತದೆ, ಐದನೆಯದರಲ್ಲಿ ಎದುರಿಗಿರುವವರು ಫಾರ್ಮಿಗೆ ಸಹಿ ಹಾಕಲ್ಲ, ಸೀಲಿಗೆ ಇನಿಷಿಯಲ್ ಹಾಕಲ್ಲ ಎನ್ನುತ್ತಾರೆ. ಮೂತ್ರದ ಬದಲು ತೆಳುವಾದ ಟೀ ನೀರು. ನನ್ನ ಸಹೋದ್ಯೋಗಿಯೊಬ್ಬರು ಚಾಲಕರ ಪಾತ್ರ ಮಾಡಿದರು, ಪರಿವೀಕ್ಷಕರು ವಿಡಿಯೊದಲ್ಲಿ ನೇರವಾಗಿ ನೋಡುತ್ತಿದ್ದರು. ಮೊದಲ ಮೂರು ಸರಾಗವಾಗಿ ಆದವು. ಮೂರನೆಯದರಲ್ಲಿ ಕಪ್ಪಿನಲ್ಲಿ 20 ಮಿಲಿಲೀಟರ್ ಇತ್ತು. ನಿಯಮದಂತೆ ಅದನ್ನು ಚೆಲ್ಲಿ, ಮತ್ತೆ ಮಾದರಿ ಕೊಡಲು ಇರುವ ಮೂರು ಗಂಟೆಯ ಕಾಯುವಿಕೆಯನ್ನು ವಿವರಿಸಿದೆ. ನಾಲ್ಕನೆಯದರಲ್ಲಿ ಪಟ್ಟಿ ಯಾವ ಬಣ್ಣವನ್ನೂ ತೋರಿಸಲಿಲ್ಲ. ತಣ್ಣಗಿದೆ ಎಂದು ಸರಿಯಾಗಿಯೇ ಹೇಳಿದೆ. ಹೇಳುತ್ತ ಹೇಳುತ್ತಲೇ ಕೈ ಸಿಂಕಿನ ಕಡೆ ಹೋಗಿ ಅದನ್ನೂ ಚೆಲ್ಲಿಬಿಟ್ಟೆ.

ಪರಿವೀಕ್ಷಕರು ಬೈಯಲಿಲ್ಲ. 'ಒಂದನೆಯದರಿಂದ ಶುರು ಮಾಡೋಣ' ಎಂದರು. ಒಂದರ ಹಿಂದೊಂದು ಅಂದರೆ ಹಾಗೆಯೇ: ನಾಲ್ಕರಲ್ಲಿ ತಪ್ಪಿದರೆ ಹಿಂದಿನ ಮೂರೂ ಲೆಕ್ಕಕ್ಕಿಲ್ಲ.

ಯಾಕೆ ಚೆಲ್ಲಬಾರದು ಎಂಬುದನ್ನು ಅವರು ಆ ದಿನ ವಿವರಿಸಿದ್ದು ಇವತ್ತಿಗೂ ನನ್ನ ಕೆಲಸದ ಬುಡ. ಕಡಿಮೆ ಬಂದ ಮಾದರಿಯಿಂದ ಪರೀಕ್ಷೆ ನಡೆಯುವುದಿಲ್ಲ, ಅದು ಯಾವುದಕ್ಕೂ ಸಾಕ್ಷಿಯಲ್ಲ, ಹಾಗಾಗಿ ಚೆಲ್ಲುತ್ತೇವೆ. ದೇಹದಿಂದ ಆಗಷ್ಟೇ ಬಂದ ಮೂತ್ರ ತಣ್ಣಗಿರಲು ಸಾಧ್ಯವಿಲ್ಲ. ತಣ್ಣಗಿದ್ದರೆ ಏನೋ ನಡೆದಿರಬಹುದು. ಅದನ್ನು ಚೆಲ್ಲಿದರೆ ಆ 'ಏನೋ' ಏನೆಂದು ಲ್ಯಾಬಿಗೂ ತಿಳಿಯುವುದಿಲ್ಲ. ಚಾಲಕರು ಏನೂ ಮಾಡಿಲ್ಲದಿದ್ದರೆ, ಮಾಡಿಲ್ಲ ಎನ್ನುವುದಕ್ಕೂ ಅದೇ ಕಪ್ ಸಾಕ್ಷಿ. ಆದ್ದರಿಂದ ಮೊದಲಿನದಕ್ಕೆ ಸೀಲ್ ಹಾಕಿ ಇಡಬೇಕು, ಕೂಡಲೇ ಹೊಸ ಫಾರ್ಮಿನಲ್ಲಿ ಎರಡನೆಯದನ್ನು ಒಬ್ಬರು ನೋಡುತ್ತಿರುವಂತೆ ಪಡೆಯಬೇಕು, ಎರಡನ್ನೂ ಕಳಿಸಬೇಕು, ಒಂದರ ಸಂಖ್ಯೆಯನ್ನು ಇನ್ನೊಂದರ ಷರಾದಲ್ಲಿ ಬರೆಯಬೇಕು. ನೋಡುವವರು ಚಾಲಕರ ಲಿಂಗದವರೇ ಆಗಿರಬೇಕು; ಗಂಡಸರಿಗೆ ನಾನು ಆ ಕೆಲಸ ಮಾಡುವಂತೆಯೇ ಇಲ್ಲ, ಕ್ಲಿನಿಕ್ಕಿನ ಗಂಡು ಸಹಾಯಕರನ್ನು ಕರೆಯುತ್ತೇನೆ. ಅವರಿಗೆ ಕಪ್ ಮುಟ್ಟಬೇಡಿ ಎಂದು ಮೊದಲೇ ಹೇಳಿರುತ್ತೇನೆ. ಚಾಲಕರೇ ಅದನ್ನು ತಂದು ನನ್ನ ಕೈಗೆ ಕೊಡಬೇಕು.

ಎರಡನೇ ಸುತ್ತಿನಲ್ಲಿ ಐದೂ ಸರಿಯಾದವು. ಐದನೆಯದರಲ್ಲಿ ನನಗೆ ಹೊಸದಾಗಿ ತಿಳಿದದ್ದು: ಸಹಿ ಹಾಕದಿದ್ದರೆ ಅದು ಟೆಸ್ಟನ್ನೇ ನಿರಾಕರಿಸಿದಂತೆ ಅಲ್ಲ. ಷರಾದಲ್ಲಿ ಬರೆದು, ಅವರ ಹೆಸರನ್ನು ನಾನೇ ಅಚ್ಚಕ್ಷರದಲ್ಲಿ ತುಂಬಿ, ಸಂಗ್ರಹ ಮುಗಿಸಬೇಕು. ಸಿಟ್ಟಿನಲ್ಲಿ ಪೆನ್ನು ಬಿಸಾಕಿದ ಒಬ್ಬರ ಕೆಲಸ ಆ ಒಂದು ಸಾಲಿನಿಂದ ಉಳಿಯುತ್ತದೆ.

ಜನರೊಡನೆ ಕೆಲಸ ಶುರುವಾದ ಮೇಲೆ ಬಂದ ಪ್ರಶ್ನೆಗಳೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರು ಗಾಂಜಾ ಸೇದುವುದು 2016ರಿಂದ ಕಾನೂನುಬದ್ಧ, ಆದರೆ ಟ್ರಕ್ ಚಾಲಕರ ಪರೀಕ್ಷೆ ಕೇಂದ್ರ ಸರ್ಕಾರದ್ದು, ಅದಕ್ಕೆ ರಾಜ್ಯದ ಕಾನೂನು ಲೆಕ್ಕಕ್ಕಿಲ್ಲ. 'ಹೋದ ವಾರ ಸೇದಿದ್ದೆ, ಸಿಕ್ಕಿಬೀಳ್ತೀನಾ?' ಎಂದು ಕೇಳುವವರಿಗೆ ನಾನು ಏನನ್ನೂ ಹೇಳುವಂತಿಲ್ಲ. ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ನಾನಾಗಿ ಕೇಳುವಂತೆಯೂ ಇಲ್ಲ. ಅದು ಫಲಿತಾಂಶ ಪರಿಶೀಲಿಸುವ ವೈದ್ಯರಿಗೂ ಚಾಲಕರಿಗೂ ಬಿಟ್ಟ ಮಾತು. ಲ್ಯಾಬಿನಲ್ಲಿ 'ಯಾವ ಔಷಧಿ ನಡೀತಾ ಇದೆ ಅಜ್ಜಾ' ಎಂದು ಕೇಳಿ ಅಭ್ಯಾಸವಾದ ನಾಲಿಗೆಯನ್ನು ಕಟ್ಟಿಹಾಕಲು ತಿಂಗಳುಗಳೇ ಬೇಕಾದವು.

ಒಮ್ಮೆ ಅರವತ್ತು ದಾಟಿದ ಸರ್ದಾರ್ಜಿ ಬಂದರು. ಟೋಪಿ ತೆಗೆಸುವ ಹಂತ ಬಂದಾಗ ಅವರ ಕೈ ಪಗಡಿಯ ಕಡೆ ಹೋಯಿತು, ಮುಖ ಸಣ್ಣದಾಯಿತು. ಬೇರೆಲ್ಲೋ ತೆಗೆಸಿದ್ದರಂತೆ. ಇಲಾಖೆಯ ಮಾರ್ಗಸೂಚಿಯಲ್ಲಿ ಇದಕ್ಕೆ ಉತ್ತರವಿದೆ: ಧಾರ್ಮಿಕ ಕಾರಣಕ್ಕೆ ತಲೆಯ ಮೇಲಿನದನ್ನು ತೆಗೆಯಲು ಒಪ್ಪದವರಿಗೆ ವಿನಾಯಿತಿ ಕೊಡಬಹುದು, ಅದರೊಳಗೆ ಏನೋ ಅಡಗಿಸಿದ್ದಾರೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಸುಳಿವು ಇಲ್ಲದಿದ್ದರೆ. ನಾನು ಹಿಂದಿಯಲ್ಲಿ 'ಪಗಡಿ ಇರಲಿ' ಎಂದೆ. ಆಮೇಲೆ ಅವರಿಗೆ ಮೂತ್ರವೇ ಬರಲಿಲ್ಲ. ಮೊದಲ ಪ್ರಯತ್ನ ವಿಫಲವಾದ ಹೊತ್ತಿನಿಂದ ಮೂರು ಗಂಟೆ, ಅಷ್ಟರಲ್ಲಿ 40 ಔನ್ಸ್ ತನಕ, ಅಂದರೆ ಸುಮಾರು 1.2 ಲೀಟರ್, ನೀರು ಕುಡಿಯಬಹುದು. ಕುಡಿಯಲೇಬೇಕೆಂಬ ಒತ್ತಾಯವಿಲ್ಲ. ಎದ್ದು ಹೋದರೆ ಮಾತ್ರ ಅದನ್ನು ನಿರಾಕರಣೆ ಎಂದು ಕಂಪನಿ ತೀರ್ಮಾನಿಸಬಹುದು. ಇದನ್ನೆಲ್ಲ ಹಿಂದಿಯಲ್ಲಿ ಎರಡು ಸಲ ಹೇಳಿದೆ. ಎರಡೂಕಾಲು ಗಂಟೆಯ ಹೊತ್ತಿಗೆ ಆಯಿತು. ಹೋಗುವಾಗ ಅವರು ಕೈ ಮುಗಿದರು, ನಾನೂ ಮುಗಿದೆ. ಆ ಎರಡೂಕಾಲು ಗಂಟೆ ನಾನು ಬೇರೆ ಯಾರ ಮಾದರಿಯನ್ನೂ ತೆಗೆದುಕೊಂಡಿರಲಿಲ್ಲ.

ನನ್ನ ತಪ್ಪನ್ನೂ ಬರೆಯಬೇಕು. ಕೆಲಸ ಶುರುಮಾಡಿ ವರ್ಷ ತುಂಬಿರಲಿಲ್ಲ. ಶುಕ್ರವಾರ ಸಂಜೆ, ಹೊಸದಾಗಿ ಕೆಲಸಕ್ಕೆ ಸೇರಬೇಕಿದ್ದ ಯುವಕ. ಬಾಟಲಿಗಳಿಗೆ ಸೀಲ್ ಬಿತ್ತು, ಅವನ ಸಹಿ ಆಯಿತು, ಅಷ್ಟರಲ್ಲಿ ಫೋನ್ ಬಂತು. ಎತ್ತಿದೆ. ಮಾತಾಡುತ್ತಲೇ ಅವನ ಪ್ರತಿ ಹರಿದು ಕೊಟ್ಟು, ಉಳಿದದ್ದನ್ನು ಬಾಟಲಿಗಳ ಜೊತೆ ಚೀಲಕ್ಕೆ ಹಾಕಿದೆ. ಫಾರ್ಮಿನ ನಾಲ್ಕನೇ ಹಂತದಲ್ಲಿ ಕಲೆಕ್ಟರ್ ಹೆಸರು ಬರೆದು ಸಹಿ ಹಾಕಬೇಕು. ಎರಡೂ ಖಾಲಿ. ಸಹಿ ಒಂದೇ ಬಿಟ್ಟುಹೋಗಿದ್ದರೆ ಲಿಖಿತ ಹೇಳಿಕೆ ಕೊಟ್ಟು ಸರಿಪಡಿಸಬಹುದಿತ್ತು. ಹೆಸರೂ ಸಹಿಯೂ ಎರಡೂ ಇಲ್ಲದಿದ್ದರೆ ಅದು ಸರಿಪಡಿಸಲಾಗದ ದೋಷ. ಲ್ಯಾಬ್ ಮಾದರಿಯನ್ನು ತಿರಸ್ಕರಿಸಿತು, ಟೆಸ್ಟ್ ರದ್ದಾಯಿತು.

ಕೆಲಸಕ್ಕೆ ಸೇರುವ ಮೊದಲಿನ ಟೆಸ್ಟ್ ರದ್ದಾದರೆ ಚಾಲಕರು ಮತ್ತೆ ಕೊಡಲೇಬೇಕು. ನೆಗೆಟಿವ್ ಫಲಿತಾಂಶ ಬರುವ ತನಕ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಆ ಹುಡುಗ ಸೋಮವಾರ ಹೊರಡಬೇಕಿತ್ತು. ಮುಂದಿನ ವಾರ ನನ್ನೆದುರೇ ಬಂದು ಕೂತು, 'ನಾನೇನು ತಪ್ಪು ಮಾಡಿದೆ ಮ್ಯಾಮ್?' ಎಂದು ಕೇಳಿದ. ತಪ್ಪು ನಿನ್ನದಲ್ಲ, ನನ್ನದು ಎಂದು ನೇರವಾಗಿ ಹೇಳಿ ಕ್ಷಮೆ ಕೇಳಿದೆ. ಅವನ ಒಂದು ವಾರದ ಸಂಬಳವನ್ನು ಆ ಕ್ಷಮೆ ತಂದುಕೊಡಲಿಲ್ಲ.

ಇಂಥ ತಪ್ಪಿನ ಸೂಚನೆ ಬಂದ 30 ದಿನದೊಳಗೆ ಕಲೆಕ್ಟರ್ ತಿದ್ದುಪಡಿ ತರಬೇತಿ ಮುಗಿಸಬೇಕು: ತಪ್ಪಾದ ಭಾಗದ ಪಾಠ, ಆಮೇಲೆ ಮೂರು ಅಣಕು ಸಂಗ್ರಹ. ಒಂದು ಮಾಮೂಲಿನದು, ಎರಡು ಆ ತಪ್ಪಿಗೇ ಸಂಬಂಧಿಸಿದವು. ನಾನು ಒಂಬತ್ತನೇ ದಿನಕ್ಕೆ ಮುಗಿಸಿದೆ. ಅವತ್ತಿನಿಂದ ಫೋನ್ ಆ ಕೋಣೆಯ ಒಳಗೇ ಬರುವುದಿಲ್ಲ. ಚಾಲಕರಿಗೆ ಅವರ ಪ್ರತಿ ಕೊಡುವ ಮೊದಲು ಒಂದನೇ ಹಂತದಿಂದ ಬೆರಳಿಟ್ಟು ಓದುತ್ತೇನೆ, ಬಾಟಲಿಯ ಸೀಲಿನ ಸಂಖ್ಯೆಯೂ ಫಾರ್ಮಿನ ಸಂಖ್ಯೆಯೂ ಒಂದೇನಾ ಎಂದು ಬಾಯಿಬಿಟ್ಟು ಹೇಳುತ್ತೇನೆ. ಕೆಲವರಿಗೆ ಅಸಹನೆಯಾಗುತ್ತದೆ. ನಾನು ಅವಸರ ಮಾಡುವುದಿಲ್ಲ.

ಕಲಿಯಲು ಬರುವವರಿಗೆ ನಾನು ಹೇಳುವುದಿಷ್ಟು: ಸ್ಲೈಡ್ ನೋಡಿ ಪ್ರಶ್ನೆಗೆ ಟಿಕ್ ಹಾಕಿಸಿ ಸರ್ಟಿಫಿಕೇಟ್ ಕೊಡುವಲ್ಲಿಗೆ ದುಡ್ಡು ಕೊಡಬೇಡಿ. ಅಣಕು ಸಂಗ್ರಹವನ್ನು ಯಾರು ನೋಡುತ್ತಾರೆ, ಅವರ ಅರ್ಹತೆ ಏನು, ಲಿಖಿತವಾಗಿ ದೃಢೀಕರಿಸುತ್ತಾರಾ ಎಂದು ಮೊದಲು ಕೇಳಿ. ಪರಿವೀಕ್ಷಕರು ಕನಿಷ್ಠ ಒಂದು ವರ್ಷ ನಿಯಮಿತವಾಗಿ ಈ ಸಂಗ್ರಹ ಮಾಡಿದವರೋ, ಒಂದು ವರ್ಷ ಕಲೆಕ್ಟರ್‌ಗಳಿಗೆ ಕಲಿಸಿದವರೋ, ಇಲ್ಲವೇ ಅದಕ್ಕೆಂದೇ ಇರುವ ಕೋರ್ಸ್ ಮಾಡಿದವರೋ ಆಗಿರಬೇಕು. ವಿಡಿಯೊ ಆದರೂ ಅಡ್ಡಿಯಿಲ್ಲ, ಆದರೆ ನೇರ ಪ್ರಸಾರವಿರಬೇಕು. ರೆಕಾರ್ಡ್ ಮಾಡಿ ಕಳಿಸುವುದು ನಡೆಯುವುದಿಲ್ಲ. ಮನೆಯಲ್ಲಿ ಟೀ ನೀರಿಟ್ಟುಕೊಂಡು ಇಪ್ಪತ್ತು ಸಲ ಮಾಡಿ. ಕೈಗೆ ಬಂದದ್ದು ಶುಕ್ರವಾರ ಸಂಜೆಯೂ ಕೈಯಲ್ಲಿರುತ್ತದೆ.

2023ರಲ್ಲಿ ನನ್ನ ಐದು ವರ್ಷದ ಮರುತರಬೇತಿ ಮುಗಿಯಿತು. ಈಗ ಹೊಸಬರ ಅಣಕು ಸಂಗ್ರಹಗಳನ್ನು ನೋಡುವ ಕೆಲಸವೂ ನನ್ನದೇ. ಕಳೆದ ತಿಂಗಳು ಫ್ರೆಸ್ನೋದ ಹುಡುಗಿಯೊಬ್ಬಳು ವಿಡಿಯೊದಲ್ಲಿ ನಾಲ್ಕನೆಯದಕ್ಕೆ ಬಂದಿದ್ದಳು. ಪಟ್ಟಿ ನೋಡಿ 'ಶಾಖ ಮಿತಿಯೊಳಗಿಲ್ಲ' ಎಂದು ಸ್ಪಷ್ಟವಾಗಿ ಹೇಳಿದಳು. ಕಪ್ ಹಿಡಿದ ಕೈ ಸಿಂಕಿನ ಕಡೆ ತಿರುಗಿತು. ಪರಿವೀಕ್ಷಕಿಯಾಗಿ ನಾನು ಆ ಹೊತ್ತಿನಲ್ಲಿ ಬಾಯಿ ಬಿಡುವಂತಿಲ್ಲ. ಚೆಲ್ಲಿದಳು. ಚೆಲ್ಲಿದ ಕೂಡಲೇ ಅವಳಿಗೇ ಗೊತ್ತಾಯಿತು, ಪರದೆಯ ಕಡೆ ತಿರುಗಿದಳು.

ಯಾಕೆ ಚೆಲ್ಲಬಾರದು ಎಂದು ಹೇಳಿದೆ, ಮೊದಲು ನನಗೆ ಹೇಳಿದ್ದ ಹಾಗೆಯೇ. ಅವಳು ಹೊಸ ಫಾರ್ಮ್ ತೆಗೆದಳು. ಒಂದನೆಯದರಿಂದ ಶುರು ಮಾಡಿದೆವು.