ನೌಕಾಪಡೆ ಸೇರಬೇಕೆ? ಸಹಿ ಹಾಕುವ ಮುನ್ನ ಲೆಕ್ಕ ಹಾಕುವುದು ಹೀಗೆ

ನೌಕಾಪಡೆಯ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುತ್ತ ಹೋದರೆ ಹತ್ತು ಜನ ಹತ್ತು ಬಗೆ ಹೇಳುತ್ತಾರೆ. ಯಾವ ವಿಭಾಗಕ್ಕೆ, ಎಂಥ ನೌಕೆಗೆ, ಎಷ್ಟು ವರ್ಷಕ್ಕೆ ಎಂದು ಕೇಳಿ. ಈ ಮೂರು ತಿಳಿದರೆ ಮುಕ್ಕಾಲು ಲೆಕ್ಕ ಮುಗಿದಂತೆ.

ಹೆಜ್ಜೆ 1: ಮೊದಲು ಕಣ್ಣು ತೋರಿಸಿ

ಅರ್ಜಿ ತುಂಬುವ ಮೊದಲೇ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಕಡಲಿನಲ್ಲಿ ಎದುರಿನ ಹಡಗು ಕಾಣುವುದಿಲ್ಲ, ಅದರ ದೀಪಗಳಷ್ಟೇ ಕಾಣುತ್ತವೆ. ಹಡಗಿನ ಎಡಬದಿಗೆ ಕೆಂಪು, ಬಲಬದಿಗೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದರ ಮೂತಿ ನಿಮ್ಮತ್ತಲೇ ತಿರುಗಿದೆ ಎಂದರ್ಥ. ಆ ಎರಡು ಬಣ್ಣ ಬೇರ್ಪಡಿಸಲಾಗದವರನ್ನು ಹಡಗು ನಡೆಸುವ ವಿಭಾಗಕ್ಕೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ತಯಾರಿ ನಡೆಸಿದ ಮೇಲೆ ಇದು ತಿಳಿದು ಪೆಚ್ಚಾಗುವುದಕ್ಕಿಂತ ಇಂದೇ ತಿಳಿಯುವುದು ಲೇಸು.

ಕಡಲಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬ ಭಯಕ್ಕೆ ಮಾತ್ರ ಹಿಂಜರಿಯಬೇಕಿಲ್ಲ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಒಗ್ಗುತ್ತದೆ. 1805ರ ಟ್ರಾಫಲ್ಗರ್ ಕದನದ ಬ್ರಿಟಿಷ್ ಸೇನಾನಿ ನೆಲ್ಸನ್‌ಗೆ ಜೀವನಪೂರ್ತಿ ಒಗ್ಗಲಿಲ್ಲ. ಆದರೂ ಅವರು ಹಡಗು ಬಿಡಲಿಲ್ಲ.

ಹೆಜ್ಜೆ 2: ದಡದಲ್ಲೂ ನಡೆಯುವ ವಿದ್ಯೆ ಆರಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇಲ್ಲಿದೆ. ಗ್ಯಾಸ್ ಟರ್ಬೈನ್, ವಿದ್ಯುತ್, ಶೀತಲೀಕರಣ, ಎಲೆಕ್ಟ್ರಾನಿಕ್ಸ್, ಶುಶ್ರೂಷೆ, ಅಡುಗೆ – ಇವನ್ನೆಲ್ಲ ಸಂಬಳ ಪಡೆಯುತ್ತಲೇ ಕಲಿಯಬಹುದು. ನಡುಗಡಲಿಗೆ ಅಗ್ನಿಶಾಮಕ ವಾಹನ ಬರುವುದಿಲ್ಲವಾದ್ದರಿಂದ ಬೆಂಕಿ ಆರಿಸುವುದನ್ನು ಅಡುಗೆಯವರೂ ಕಲಿತಿರುತ್ತಾರೆ. ಆದರೆ ಶಸ್ತ್ರಾಸ್ತ್ರ ವಿಭಾಗದ ಕೆಲವು ಕುಶಲತೆಗಳಿಗೆ ಹೊರಗೆ ಗಿರಾಕಿಗಳು ಕಡಿಮೆ. ನಿವೃತ್ತಿಯ ನಂತರ ಸರಕು ಹಡಗಿಗೆ ಹೋದರಾಯಿತು ಎಂದುಕೊಂಡವರೂ ಜೋಪಾನ. ಅಲ್ಲಿನ ಹುದ್ದೆಗಳಿಗೆ ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಮಟ್ಟ ಗೊತ್ತುಮಾಡುವ 1978ರ ಅಂತರರಾಷ್ಟ್ರೀಯ ಒಪ್ಪಂದದ (ಎಸ್‌ಟಿಸಿಡಬ್ಲ್ಯು) ಪ್ರಕಾರ ಬೇರೆಯದೇ ಪ್ರಮಾಣಪತ್ರ ಬೇಕು. ಯುದ್ಧನೌಕೆಯ ಅನುಭವ ತನ್ನಿಂದ ತಾನೇ ಅದಕ್ಕೆ ಸಮವಾಗುವುದಿಲ್ಲ. ನಿಮ್ಮ ವಿಭಾಗದ ಯಾವ ತರಬೇತಿಗೆ ಹೊರಗೆ ಮಾನ್ಯತೆ ಇದೆ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 3: ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ

ಹಡಗಿನ ದಿನ ಹಗಲು ರಾತ್ರಿಯಾಗಿ ಅಲ್ಲ, ಪಾಳಿಯಾಗಿ ಒಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಪಾಳಿ ನಾಲ್ಕು ಗಂಟೆ. ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡಾಗಿ ಸೀಳಿದ್ದಾರೆ. ಆಗ ದಿನಕ್ಕೆ ಏಳು ಪಾಳಿಗಳಾಗಿ, ಅರ್ಧರಾತ್ರಿಯ ಸರದಿ ದಿನವೂ ಒಬ್ಬರ ತಲೆಗೇ ಬೀಳುವುದು ತಪ್ಪುತ್ತದೆ. ಆದರೂ ನಿಮ್ಮ ಸರದಿ ಬಂದೇ ಬರುತ್ತದೆ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಯಾರೋ ಭುಜ ಅಲುಗಿಸುತ್ತಾರೆ. ಒಂದರ ಮೇಲೊಂದು ಮೂರು ಮಂಚಗಳಿರುವ ಕೋಣೆಯಲ್ಲಿ ಉಳಿದವರು ಎಚ್ಚರವಾಗದಂತೆ ಕತ್ತಲಲ್ಲೇ ಬೂಟು ತಡಕಬೇಕು. ನಾಲ್ಕಕ್ಕೆ ಮರಳಿ ಕಣ್ಣು ಮುಚ್ಚಿದರೆ ಬೆಳಗಿನ ಕೆಲಸಕ್ಕೆ ಮತ್ತೆ ಕರೆ. ಕೆಲವು ಜಲಾಂತರ್ಗಾಮಿಗಳಲ್ಲಿ ಸ್ವಂತ ಮಂಚವೂ ಇರುವುದಿಲ್ಲ. ಒಬ್ಬರು ಎದ್ದ ಬೆಚ್ಚನೆಯ ಹಾಸಿಗೆಗೆ ಇನ್ನೊಬ್ಬರು ಜಾರುತ್ತಾರೆ. ಅಣುಶಕ್ತಿಯ ಜಲಾಂತರ್ಗಾಮಿ ನೀರು, ಆಮ್ಲಜನಕ ಎರಡನ್ನೂ ತಾನೇ ತಯಾರಿಸಿಕೊಳ್ಳುವುದರಿಂದ ತಿಂಗಳುಗಟ್ಟಲೆ ಮುಳುಗಿಯೇ ಇರಬಲ್ಲದು. ಅದನ್ನು ದಡಕ್ಕೆ ಕರೆತರುವುದು ಮುಖ್ಯವಾಗಿ ಉಗ್ರಾಣದ ದಿನಸಿ. ಸದ್ದಿಗೆ ಬೇಗ ಎಚ್ಚರವಾಗುವವರು, ಒಂಟಿಯಾಗಿ ಕೂರಲು ಮೂಲೆ ಬೇಕೆನ್ನುವವರು ಇಲ್ಲಿ ನಿಂತು ಯೋಚಿಸಿ.

ಹೆಜ್ಜೆ 4: ಹಣ ಮತ್ತು ಕರಾರು

ಹಡಗಿನಲ್ಲಿದ್ದಾಗ ಊಟ ವಸತಿಯ ಚಿಂತೆ ಕಡಿಮೆ, ಖರ್ಚಿನ ದಾರಿಗಳೂ ಕಡಿಮೆ. ಹಾಗಾಗಿ ಉಳಿತಾಯ ಸುಲಭ. ಕರಾರು ಮಾತ್ರ ಸಾಮಾನ್ಯ ನೌಕರಿಯದ್ದಲ್ಲ: ಬೇಸರವಾಯಿತೆಂದು ರಾಜೀನಾಮೆ ಕೊಟ್ಟು ಬರಲಾಗದು. ಕಡ್ಡಾಯ ಸೇವೆ ಎಷ್ಟು ವರ್ಷ, ವಿಶೇಷ ತರಬೇತಿ ಪಡೆದರೆ ಅದು ಹೆಚ್ಚುತ್ತದೆಯೇ, ಪಿಂಚಣಿಗೆ ಕನಿಷ್ಠ ಎಷ್ಟು ಸೇವೆ ಬೇಕು – ಈ ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ.

ಹೆಜ್ಜೆ 5: ಸೇವೆಯಲ್ಲಿರುವವರನ್ನು ಭೇಟಿಯಾಗಿ

ಬಂದರುಗಳ ಕಥೆ ಅವರು ಕೇಳದೆಯೇ ಹೇಳುತ್ತಾರೆ. ನೀವು ಕೇಳಬೇಕಾದದ್ದು, ಕಳೆದ ವರ್ಷ ಎಷ್ಟು ರಾತ್ರಿ ಮನೆಯಲ್ಲಿ ಮಲಗಿದಿರಿ ಎಂದು. ಕಾರ್ಯಾಚರಣೆಯ ವೇಳೆ ಮನೆಗೆ ಫೋನ್ ಮಾಡಲು ಬಿಡುತ್ತಾರೆಯೇ ಎಂದೂ ವಿಚಾರಿಸಿ. ಆಮೇಲೆ ಅದೇ ಪ್ರಶ್ನೆಗಳನ್ನು ಅವರ ಮನೆಯವರಿಗೆ ಬೇರೆಯಾಗಿ ಕೇಳಿ. ಎರಡು ಲೆಕ್ಕ ತಾಳೆಯಾಗದಿದ್ದರೆ ಮನೆಯವರದ್ದನ್ನೇ ನಂಬಿ.