ಕೆಟ್ಟ ಚಿತ್ರಗಳ ಲೆಕ್ಕದ ಪುಸ್ತಕ

ಛಾಯಾಗ್ರಹಣ ಶುರುಮಾಡಿದ ಮೊದಲ ಎರಡು ವರ್ಷ ನನ್ನ ಬಳಿ ಇದ್ದದ್ದು 50 ಮಿ.ಮೀ. ಲೆನ್ಸ್ ಒಂದೇ. ಜೊತೆಗೊಂದು ನೋಟ್‌ಪುಸ್ತಕ. ಚಿತ್ರ ತೆಗೆದು ಬಂದ ರಾತ್ರಿಯೇ ಹಾಳಾದ ಹತ್ತು ಚಿತ್ರಗಳನ್ನು ತೆರೆದು, ಪ್ರತಿಯೊಂದೂ ಯಾಕೆ ಕೆಟ್ಟಿತು ಎಂದು ಒಂದು ಸಾಲು ಬರೆಯುತ್ತಿದ್ದೆ. ಶಟರ್ ವೇಗ (ಬೆಳಕು ಒಳಬರಲು ಬಿಡುವ ಸಮಯ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇವನ್ನು ಕ್ಯಾಮೆರಾವೇ ದಾಖಲಿಸುತ್ತದೆ. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ನಾನೆಲ್ಲಿ ನಿಂತಿದ್ದೆ ಎಂಬುದನ್ನು ನಾವೇ ಬರೆದುಕೊಳ್ಳಬೇಕು.

ಮೂರು ತಿಂಗಳ ಪುಟಗಳನ್ನು ತಿರುವಿದಾಗ ಒಂದೇ ತಪ್ಪು ಮತ್ತೆ ಮತ್ತೆ ಕಂಡಿತು. ಮಕ್ಕಳ ಚಿತ್ರಗಳೆಲ್ಲ ಮಸುಕು. ಫೋಕಸ್ ಸರಿಯಿಲ್ಲವೆಂದು ಲೆನ್ಸನ್ನು ದೂರುತ್ತಿದ್ದೆ. ನೋಡಿದರೆ ಎಲ್ಲವನ್ನೂ 1/60 ಸೆಕೆಂಡಿನಲ್ಲಿ ತೆಗೆದಿದ್ದೆ! ಓಡಾಡುವ ಮಕ್ಕಳಿಗೆ ಅದು ತೀರ ನಿಧಾನ. 1/500ಕ್ಕೆ ಏರಿಸಿದೆ, ಅದಕ್ಕೆ ತಕ್ಕಂತೆ ಐಎಸ್‌ಒ ಹೆಚ್ಚಿಸಿದೆ. ಚಿತ್ರ ತುಸು ಕಾಳುಕಾಳಾದರೂ ಕಣ್ಣುಗಳು ಸ್ಪಷ್ಟವಾದವು.

ಗುಂಪು ಚಿತ್ರದ ಪಾಠಕ್ಕೆ ಇನ್ನೂ ಹೆಚ್ಚು ಪುಟ ಹಿಡಿಯಿತು. ಮುಂದಿನ ಸಾಲು ಬೆಳ್ಳಗೆ, ಹಿಂದಿನ ಸಾಲು ಕತ್ತಲು. ಫ್ಲ್ಯಾಶ್‌ನಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಮೀಟರ್ ದೂರದವರಿಗೂ ಎರಡು ಮೀಟರ್ ದೂರದವರಿಗೂ ನಾಲ್ಕು ಪಟ್ಟು ವ್ಯತ್ಯಾಸ. ಅದೇ ಫ್ಲ್ಯಾಶನ್ನು ಹಿಂದಕ್ಕೆ ಒಯ್ದು, ಸಾಲುಗಳು ನಾಲ್ಕು ಮತ್ತು ಐದು ಮೀಟರ್ ದೂರಕ್ಕೆ ಬಂದರೆ, ವ್ಯತ್ಯಾಸ ಒಂದೂವರೆ ಪಟ್ಟಿನಷ್ಟೇ. ಶಕ್ತಿ ಹೆಚ್ಚು ಬೇಕು, ಆದರೆ ಹಿಂದೆ ನಿಂತವರಿಗೂ ಮುಖವಿರುತ್ತದೆ. ಇದು ತಿಳಿದ ದಿನ ನನಗಾದ ಸಂತೋಷವನ್ನು ಯಾವ ಹೊಸ ಲೆನ್ಸೂ ಕೊಟ್ಟಿಲ್ಲ.

ಕೆಲಸ ಬರತೊಡಗಿದ ಮೇಲೆ ಅದೇ ಪುಸ್ತಕದಲ್ಲಿ ಗಂಟೆಗಳನ್ನೂ ಬರೆದೆ. ನಾಲ್ಕು ಗಂಟೆಯ ಚಿತ್ರೀಕರಣ ಎಂದುಕೊಂಡದ್ದು ಮಾತುಕತೆ, ಪ್ರಯಾಣ, ಆಯ್ಕೆ, ತಿದ್ದುಪಡಿ ಸೇರಿ ಹದಿನಾಲ್ಕು ಗಂಟೆ ನುಂಗಿತ್ತು. ನಾಲ್ಕಕ್ಕೆ ಹಣ ಪಡೆದು ಹತ್ತು ಗಂಟೆ ಪುಕ್ಕಟೆ ದುಡಿದಿದ್ದೆ. ಶುಲ್ಕವನ್ನು ಹೊಸದಾಗಿ ಲೆಕ್ಕಹಾಕಿದೆ. ಕೆಲವು ಗ್ರಾಹಕರು ಹೋದರು. ಉಳಿದವರೊಡನೆ ಎಷ್ಟು ಚಿತ್ರ, ಯಾವ ದಿನಕ್ಕೆ, ಮುಂಗಡ ಎಷ್ಟು ಎಂಬುದೆಲ್ಲ ಬರಹದಲ್ಲಿ ಇರತೊಡಗಿತು.

ಒಂದು ಪುಟ ತೆರೆದರೆ ಇಂದಿಗೂ ಸಂಕಟವಾಗುತ್ತದೆ. ಮೆಮೊರಿ ಕಾರ್ಡ್ ಕೆಟ್ಟು ಒಂದು ಕುಟುಂಬದ ಅರ್ಧ ದಿನವೇ ಅಳಿಸಿಹೋಯಿತು. ಹಣ ಹಿಂದಿರುಗಿಸಿದೆ, ಆ ದಿನವನ್ನು ಹಿಂದಿರುಗಿಸಲಾಗಲಿಲ್ಲ. ನಂತರ ನಾನು ಕೊಂಡದ್ದು ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾ. ಈಗ ಪ್ರತಿ ಕೆಲಸಕ್ಕೂ ಮೂರು ಪ್ರತಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಚಿತ್ರಗಳು ಗ್ರಾಹಕರ ಕೈಸೇರುವವರೆಗೆ ಕಾರ್ಡನ್ನು ಅಳಿಸುವುದಿಲ್ಲ.

ಪುಸ್ತಕ ಈಗ ಐದನೆಯದು. ಕಳೆದ ವಾರ ಬರೆದ ಸಾಲು ಇದು: ‘ಅಜ್ಜಿ ನಕ್ಕದ್ದು ನಾನು ಕ್ಯಾಮೆರಾ ಕೆಳಗಿಳಿಸಿದ ಮೇಲೆ.’